ಚಿತ್ರ ಬಂತು, ಚೀಟಿ ಓದುವವರು ಬೇಕು

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಮೆಟ್ಸ್ ಮಂಗಳೂರಿನ ಸುತ್ತಮುತ್ತ ಗಿಡಗಳನ್ನು ಕಿತ್ತು, ಒತ್ತಿ, ಒಣಗಿಸಿ ಯುರೋಪಿಗೆ ಕಳುಹಿಸಿದರು. ಜರ್ಮನಿಯಲ್ಲಿದ್ದ ಹೊಹೆನಾಕರ್ ಅವನ್ನು ಕಟ್ಟುಗಳಾಗಿ ವಿಂಗಡಿಸಿ, ‘ಟೆರ್ರಾ ಕನಾರಾ’ ಎಂಬ ಅಚ್ಚಿನ ಚೀಟಿ ಹಚ್ಚಿ, ಅಲ್ಲಿನ ಹರ್ಬೇರಿಯಂಗಳಿಗೆ, ಅಂದರೆ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾದಿಡುವ ಸಂಗ್ರಹಗಳಿಗೆ, ಹಂಚಿದರು. ನೇತ್ರಾವತಿಯ ಸೀಮೆಯ ಆ ಗಿಡಗಳನ್ನು ನೋಡಬೇಕಾದರೆ ನಮ್ಮ ಸಸ್ಯವಿಜ್ಞಾನಿಗಳು ಬಹುಕಾಲ ಹಡಗನ್ನೋ ವಿಮಾನವನ್ನೋ ಹತ್ತಬೇಕಿತ್ತು. ಈಗ ಪುತ್ತೂರಿನ ಕಾಲೇಜಿನ ಹುಡುಗಿಯೊಬ್ಬಳು ಫೋನಿನಲ್ಲೇ ಆ ಹಾಳೆಯನ್ನು ತೆರೆದು, ಎಲೆಯ ನರಗಳು ಕಾಣುವಷ್ಟು ಹಿಗ್ಗಿಸಿ ನೋಡಬಹುದು. ಹರ್ಬೇರಿಯಂಗಳ ಡಿಜಿಟಲೀಕರಣದ ಬಗ್ಗೆ ನನಗೆ ತಕರಾರುಗಳಿವೆ. ಆದರೂ ಈ ಲಾಭದ ಮುಂದೆ ಮೊದಲು ಕೈ ಮುಗಿಯುತ್ತೇನೆ.

ಹಾಸನದ ಗಿಡಗಳ ಕಥೆಯೂ ಇಂಥದೇ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಜೊತೆಗೂಡಿ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಜಾಲಾಡಿದರು. ಆ ಸಂಸ್ಥೆಯ ನಿಕಲ್ಸನ್ ಜೊತೆ ಅವರು ಸಂಪಾದಿಸಿದ ಹಾಸನದ ಫ್ಲೋರಾ, ಅಂದರೆ ಸಸ್ಯವಿವರಗಳ ಗ್ರಂಥ, 1976ರಲ್ಲಿ ಹೊರಬಂತು. ಆಗ ಸಂಗ್ರಹಿಸಿದ ಗಿಡಗಳ ಒಂದು ಪ್ರತಿ ಇಲ್ಲಿ ಉಳಿಯಿತು. ಅದು ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಜೆಸಿಬಿ ಹರ್ಬೇರಿಯಂನಲ್ಲಿದೆ. ಇನ್ನೊಂದು ಪ್ರತಿ ವಾಷಿಂಗ್ಟನ್ನಿಗೆ ಹೋಯಿತು. ಅಲ್ಲಿ ಕನ್ವೇಯರ್ ಬೆಲ್ಟಿನ ಮೇಲೆ ಹಾಳೆಗಳನ್ನು ಸಾಲಾಗಿ ಸಾಗಿಸಿ, ಸುಮಾರು 38 ಲಕ್ಷ ಹಾಳೆಗಳ ಚಿತ್ರ ತೆಗೆಯುವ ಕೆಲಸವನ್ನು 2022ರಲ್ಲಿ ಮುಗಿಸಿದರು. ಅದೇ ವರ್ಷ ನಮ್ಮಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ವರ್ಚುವಲ್ ಹರ್ಬೇರಿಯಂ ಶುರುವಾಯಿತು. ಹೌರಾದ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂ ಒಂದರಲ್ಲೇ ಸುಮಾರು 20 ಲಕ್ಷ ಹಾಳೆಗಳಿವೆ. ಅಂದಮೇಲೆ ನಮ್ಮ ಮುಂದಿರುವ ದಾರಿ ಉದ್ದದ್ದು.

ಚಿತ್ರದ ಬೆಲೆ ಏನೆಂದು ಬರ್ಲಿನ್ನಿನವರನ್ನು ಕೇಳಬೇಕು. 1943ರ ಮಾರ್ಚ್‌ನಲ್ಲಿ ಬಾಂಬು ಬಿದ್ದು ಅಲ್ಲಿನ ಡಾಲೆಮ್‌ನ ಹರ್ಬೇರಿಯಂ ಉರಿದುಹೋಯಿತು. ಲಕ್ಷಾಂತರ ಹಾಳೆಗಳು ಬೂದಿಯಾದವು. ಅವುಗಳಲ್ಲಿ ಎಷ್ಟೋ ಪ್ರಭೇದಗಳಿಗೆ ಹೆಸರಿಡಲು ಆಧಾರವಾಗಿದ್ದ ಮೂಲಮಾದರಿಗಳೂ ಇದ್ದವು. ಆದರೆ ಅದಕ್ಕೂ ಮುಂಚೆ, 1929ರಿಂದ ಹತ್ತು ವರ್ಷ, ಷಿಕಾಗೊದ ಫೀಲ್ಡ್ ಮ್ಯೂಸಿಯಂನ ಮ್ಯಾಕ್‌ಬ್ರೈಡ್ ಯುರೋಪಿನ ಹರ್ಬೇರಿಯಂಗಳಲ್ಲಿ ಕೂತು ಮೂಲಮಾದರಿಗಳ ಫೋಟೊ ತೆಗೆದಿದ್ದರು. ಎಷ್ಟೋ ಗಿಡಗಳ ವಿಷಯದಲ್ಲಿ ಇಂದು ಉಳಿದಿರುವುದು ಆ ಕಪ್ಪುಬಿಳುಪು ಫೋಟೊ ಮಾತ್ರ. ಇದನ್ನು ಬಲ್ಲ ಯಾರೂ ಸ್ಕ್ಯಾನಿಂಗನ್ನು ಫ್ಯಾಷನ್ ಎಂದು ತಳ್ಳಿಹಾಕಲಾರರು.

ಆದರೆ ಚಿತ್ರವಿದೆಯಲ್ಲ, ಹಾಳೆಯ ಗೊಡವೆ ಯಾಕೆ ಎನ್ನುವ ಮಾತು ಹುಟ್ಟಿಕೊಂಡಾಗ ನನಗೆ ಭಯವಾಗುತ್ತದೆ. ಐರ್ಲೆಂಡಿನ ಬರಗಾಲಕ್ಕೆ ಕಾರಣವಾದ ಆಲೂಗಡ್ಡೆ ರೋಗಾಣುವಿನ ತಳಿ ಯಾವುದೆಂದು 2013ರಲ್ಲಿ ಗೊತ್ತಾದದ್ದು, ಹಳೆಯ ಹಾಳೆಗಳ ಮೇಲಿನ ರೋಗ ಹತ್ತಿದ ಎಲೆಗಳಿಂದ ಡಿಎನ್ಎ ತೆಗೆದದ್ದರಿಂದ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ಎಲೆಗಳ ಪತ್ರರಂಧ್ರಗಳು ಕಡಿಮೆಯಾಗಿವೆಯೆಂದು ಸಸ್ಯವಿಜ್ಞಾನಿ ವುಡ್‌ವರ್ಡ್ 1987ರಲ್ಲಿ ತೋರಿಸಿದ್ದೂ ಹರ್ಬೇರಿಯಂ ಎಲೆಗಳಿಂದಲೇ. ಆ ಎಲೆಗಳನ್ನು ಒಣಗಿಸಿಟ್ಟವರಿಗೆ ಡಿಎನ್ಎ ಎಂಬುದು ಗೊತ್ತಿರಲಿಲ್ಲ. ನಾಳೆ ಯಾವ ಪ್ರಶ್ನೆ ಏಳುತ್ತದೆಂದು ನಮಗೂ ಗೊತ್ತಿಲ್ಲ. ಅದಕ್ಕೆ ಉತ್ತರ ಕೊಡಬಲ್ಲದ್ದು ಎಲೆಯೇ, ಚಿತ್ರವಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಎಂಟು ಲಕ್ಷಕ್ಕೂ ಮಿಕ್ಕಿದ ಮಾದರಿಗಳ ತನ್ನ ಹರ್ಬೇರಿಯಂ ಅನ್ನು ಮುಚ್ಚುವುದಾಗಿ 2024ರಲ್ಲಿ ಹೇಳಿತು. ಅಷ್ಟು ಸಿರಿವಂತ ಸಂಸ್ಥೆಯೇ ಹೀಗೆ ಮಾಡಿದರೆ, ನಮ್ಮ ಕಾಲೇಜುಗಳ ಬೀರುಗಳ ಗತಿಯೇನು?

ಬೀರು ಎಂದಾಗ ನಮ್ಮ ಹವೆಯ ನೆನಪಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹಾಳೆಗೆ ಬೂಸ್ಟು ಹತ್ತಲು ಹೆಚ್ಚು ದಿನ ಬೇಕಿಲ್ಲ. ಹಿಂದೆ ಹುಳಕ್ಕೆ ಹೆದರಿ ಗಿಡಗಳಿಗೆ ಪಾದರಸದ ಕ್ಲೋರೈಡ್ ಸವರುತ್ತಿದ್ದರು. ಅದರ ವಿಷ ಇವತ್ತಿಗೂ ಹಳೆಯ ಹಾಳೆಗಳಲ್ಲಿದೆ, ಬರಿಗೈಯಲ್ಲಿ ಮುಟ್ಟಬಾರದು. ಈಗ ಕಟ್ಟುಗಳನ್ನು ಫ್ರೀಜರಿನಲ್ಲಿಟ್ಟು ಹುಳ ಕೊಲ್ಲುವುದು ರೂಢಿ. ಇದೆಲ್ಲ ವರ್ಷವರ್ಷವೂ ಯಾರಾದರೂ ಕೈಯಾರೆ ಮಾಡಬೇಕಾದ ಕೆಲಸ. ಸ್ಕ್ಯಾನರ್ ಕೊಳ್ಳಲು ಒಂದು ಯೋಜನೆಯ ಹಣ ಸಾಕು. ಕ್ಯುರೇಟರಿಗೆ ಸಂಬಳ ಕೊಡಲು ಯೋಜನೆ ಸಾಲದು, ಕಾಯಂ ಹುದ್ದೆ ಬೇಕು.

ನನ್ನ ದೊಡ್ಡ ತಕರಾರು ಇರುವುದು ಚೀಟಿಯ ಬಗ್ಗೆ. ಹಾಳೆಯ ಬಲ ಮೂಲೆಯ ಆ ಸಣ್ಣ ಚೀಟಿಯಲ್ಲಿ ಯಾರು, ಎಲ್ಲಿ, ಯಾವಾಗ ಕಿತ್ತರು ಎಂಬುದಿರುತ್ತದೆ. ಅದನ್ನು ಓದಿ ದಾಖಲಿಸದಿದ್ದರೆ ಲಕ್ಷ ಚಿತ್ರಗಳ ನಡುವೆ ನಮಗೆ ಬೇಕಾದ ಚಿತ್ರ ಸಿಗುವುದೇ ಇಲ್ಲ. ಚಿತ್ರ ತೆಗೆಯುವುದು ನಿಮಿಷದ ಕೆಲಸ. ಮಾಸಿದ ಶಾಯಿಯ ಕೈಬರಹ ಓದಲು ಗಂಟೆಯೂ ಹಿಡಿಯಬಹುದು. ಓದಿದ ಮೇಲೂ ಊರು ಗುರುತಿಸಬೇಕು. ಕೆನರಾ ಜಿಲ್ಲೆ ಒಡೆದು ಅದರ ಉತ್ತರ ಭಾಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ಅದಕ್ಕಿಂತ ಹಿಂದಿನ ಚೀಟಿಯಲ್ಲಿ ಬರೀ ‘ಕೆನರಾ’ ಎಂದಿದ್ದರೆ ಅದು ಕಾರವಾರವೂ ಆಗಬಹುದು, ಕಾಸರಗೋಡೂ ಆಗಬಹುದು. ‘ಮೈಸೂರು’ ಎಂದರೆ ನಗರವೋ ಇಡೀ ಸಂಸ್ಥಾನವೋ? ಇದನ್ನರಿಯದೆ ಪ್ರದೇಶದ ನಡುಮಧ್ಯದಲ್ಲಿ ಒಂದು ಚುಕ್ಕೆ ಇಟ್ಟುಬಿಟ್ಟರೆ, ಘಟ್ಟದ ಗಿಡ ನಕ್ಷೆಯಲ್ಲಿ ಬಯಲುಸೀಮೆಯಲ್ಲಿ ಬೆಳೆಯುತ್ತದೆ. ಅಂಥ ಚುಕ್ಕೆಗಳನ್ನೇ ನಂಬಿ ಮುಂದಿನವರು ಹವಾಮಾನದ ಲೆಕ್ಕ ಹಾಕುತ್ತಾರೆ.

ಈ ಕೆಲಸಕ್ಕೆ ಸ್ಥಳೀಯರಿಗಿಂತ ಒಳ್ಳೆಯ ಓದುಗರು ಸಿಗಲಾರರು. ಪ್ಯಾರಿಸ್ಸಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 2012ರಲ್ಲೇ ‘ಎರ್ಬೊನೋತ್’ ಎಂಬ ತಾಣ ತೆರೆದು, ಆಸಕ್ತ ಜನಸಾಮಾನ್ಯರಿಂದ ಚೀಟಿ ಓದಿಸುತ್ತಿದೆ. ನಮ್ಮಲ್ಲಿ ಯಾಕಾಗಬಾರದು? ಸಕಲೇಶಪುರದ ಹಳ್ಳಿಯ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟೇ ತಪ್ಪಾಗಿ ಬರೆದಿದ್ದರೂ ಅಲ್ಲಿನವರು ಕಂಡೊಡನೆ ಗುರುತಿಸುತ್ತಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಅಪರೂಪದ ಸೀತಾಳೆಗಳು, ಬೇರಿಗಾಗಿ ಅಗೆಯುವ ಔಷಧಿ ಗಿಡಗಳು ಬೆಳೆಯುವ ಜಾಗವನ್ನು ಕರಾರುವಾಕ್ಕಾಗಿ ಬಹಿರಂಗ ಮಾಡಬಾರದು.

ಡಿಜಿಟಲೀಕರಣ ಆಗಲೇಬೇಕಾದ ಕೆಲಸ, ಆದರೆ ಈಗ ನಡೆಯುತ್ತಿರುವುದು ಅದರ ಅರ್ಧ ಮಾತ್ರ. ಹಾಳೆ ಕಾಯುವ, ಚೀಟಿ ಓದುವ ಉಳಿದರ್ಧ ನಮ್ಮ ಕಾಲೇಜುಗಳಲ್ಲೇ ಶುರುವಾಗಬಹುದು. ಬಿಎಸ್ಸಿ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಪ್ರಾಕ್ಟಿಕಲ್ ಪರೀಕ್ಷೆಗೆಂದು ಒತ್ತಿ ತರುವ ಹಾಳೆಗಳು ಎಷ್ಟೋ ಕಡೆ ಅಂಕ ಹಾಕಿದ ಮೇಲೆ ರದ್ದಿಗೆ ಹೋಗುತ್ತವೆ. ಸಸ್ಯಶಾಸ್ತ್ರದ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ: ಈ ವರ್ಷ ಆ ರದ್ದಿಯನ್ನು ತಡೆಯಿರಿ, ಚೀಟಿಯಲ್ಲಿ ಊರು, ತಾರೀಕು, ಕನ್ನಡದ ಹೆಸರು ಸರಿಯಾಗಿ ಬರೆಸಿರಿ. ಪ್ರಾಕ್ಟಿಕಲ್ ಅಂಕಗಳಲ್ಲಿ ಒಂದು ಪಾಲನ್ನು ಹಳೆಯ ಚೀಟಿಯೊಂದನ್ನು ಓದಿ ದಾಖಲಿಸುವುದಕ್ಕೆ ಮೀಸಲಿಡಿ.