ಸಾವಿರ ಗಂಟೆ ದುಡಿದ ದೋಣಿಗೆ ಬೆಲೆ ಕಟ್ಟುವುದು

ಅಮೆರಿಕದಲ್ಲಿ ಹಳೆಯ ವೇಕ್‌ಬೋರ್ಡ್ ದೋಣಿಯೊಂದು ಮಾರಾಟಕ್ಕೆ ಬಂದರೆ ಕೊಳ್ಳುವವರು ಮೊದಲು ಕೇಳುವುದು ಒಂದೇ ಮಾತು: ಎಷ್ಟು ಗಂಟೆ ಓಡಿದೆ? ಮುನ್ನೂರು ಎಂದರೆ ಮಾತುಕತೆ ಮುಂದುವರಿಯುತ್ತದೆ. ಸಾವಿರದ ಇನ್ನೂರು ಎಂದರೆ ಅರ್ಧ ಜನ ಅಲ್ಲೇ ಹಿಂದೆ ಸರಿಯುತ್ತಾರೆ, ಉಳಿದರ್ಧ ಜನ ಬೆಲೆಯನ್ನು ಮೂರನೇ ಒಂದು ಭಾಗ ಇಳಿಸಿ ಕೇಳುತ್ತಾರೆ. ಎಂಜಿನ್ ಮುಚ್ಚಳ ಎತ್ತಿ ನೋಡುವ ಮೊದಲೇ ತೀರ್ಪು ಆಗಿಹೋಗಿರುತ್ತದೆ. ಈ ರೂಢಿಯಿಂದ ಒಳ್ಳೆಯ ದೋಣಿಗಳು ಅಗ್ಗವಾಗಿ ಹೋಗುತ್ತಿವೆ, ಕೆಟ್ಟ ದೋಣಿಗಳು ದುಬಾರಿಯಾಗಿ ಮಾರಾಟವಾಗುತ್ತಿವೆ. ಹಾಗಾಗಿ ಈ ಬೆಲೆ ಕಟ್ಟುವ ವಿಧಾನವನ್ನೇ ಪರೀಕ್ಷೆಗೆ ಒಡ್ಡಬೇಕು.

ಈ ದೋಣಿ ಮಾಡುವ ಕೆಲಸ ವಿಚಿತ್ರವಾದದ್ದು. ಸಾಮಾನ್ಯ ದೋಣಿ ನೀರನ್ನು ಆದಷ್ಟು ಕಡಿಮೆ ಕದಡುತ್ತ ಸಾಗಬೇಕು. ಇದು ಬೇಕೆಂದೇ ನೀರನ್ನು ಕದಡಬೇಕು. ಹಲಗೆಯ ಮೇಲೆ ನಿಂತವರು ಹಾರಲು ಹಿಂದೆ ಎತ್ತರದ ಅಲೆ ಏಳಬೇಕು, ಅದಕ್ಕಾಗಿ ದೋಣಿಯ ಹೊಟ್ಟೆಯೊಳಗೆ ಬಲಾಸ್ಟ್ ಟ್ಯಾಂಕುಗಳಲ್ಲಿ ನೂರಾರು ಕಿಲೋ ನೀರು ತುಂಬಿಸುತ್ತಾರೆ. ಹಲಗೆಯ ಸವಾರರು ಹಿಡಿಯುವ ಹಗ್ಗವನ್ನು ಎತ್ತರದ ಲೋಹದ ಟವರ್‌ಗೆ ಕಟ್ಟುತ್ತಾರೆ. ಅಷ್ಟೂ ಭಾರ ಹೊತ್ತು, ಗಂಟೆಗೆ ಸುಮಾರು 35 ಕಿಲೋಮೀಟರ್ ವೇಗವನ್ನು ಏರಿಳಿತವಿಲ್ಲದೆ ಕಾಯ್ದುಕೊಳ್ಳಬೇಕು. 1925ರಲ್ಲಿ ಫ್ಲಾರಿಡಾದಲ್ಲಿ ಶುರುವಾಗಿ ಮುಂದೆ ನಾಟೀಕ್ ದೋಣಿಗಳಿಗೆ ಹೆಸರಾದ ಕರೆಕ್ಟ್ ಕ್ರಾಫ್ಟ್, 1968ರಲ್ಲಿ ಟೆನೆಸ್ಸಿಯಲ್ಲಿ ಹುಟ್ಟಿದ ಮಾಸ್ಟರ್‌ಕ್ರಾಫ್ಟ್, 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಮಾಲಿಬು ಈ ಕ್ಷೇತ್ರದ ದೊಡ್ಡ ಹೆಸರುಗಳು. ಹೊಸ ದೋಣಿಯ ಬೆಲೆ ಈಗ ಸುಲಭವಾಗಿ ಒಂದು ಲಕ್ಷ ಡಾಲರ್ ದಾಟುತ್ತದೆ, ಕೆಲವು ಮಾದರಿಗಳದ್ದು ಮೂರು ಲಕ್ಷವನ್ನೂ ಮೀರಿದೆ. ಮಧ್ಯಮ ವರ್ಗದ ಕುಟುಂಬಕ್ಕೆ ಈ ಆಟ ಕೈಗೆಟುಕುವುದೇ ಬಳಸಿದ ದೋಣಿಯಿಂದ. ಬೆಲೆಯ ಅಂದಾಜು ತಪ್ಪಿದರೆ ಹೊಡೆತ ಬೀಳುವುದೂ ಅವರಿಗೇ.

ಗಂಟೆ ಮೀಟರ್ ಎಂಜಿನ್ ಓಡಿದ ಹೊತ್ತನ್ನು ಎಣಿಸುತ್ತದೆ. ಹೇಗೆ ಓಡಿತು ಎಂಬುದು ಅದಕ್ಕೆ ಗೊತ್ತಿಲ್ಲ. ದಡದ ಹತ್ತಿರ ಅಲೆ ಎಬ್ಬಿಸಬಾರದೆಂಬ ನಿಯಮವಿರುವ ಕಡೆ ತೆವಳಿದ ಗಂಟೆಯೂ, ನೀರಿಗೆ ಬಿದ್ದವರಿಗಾಗಿ ಕಾಯುತ್ತ ನಿಂತ ಗಂಟೆಯೂ, ಟ್ಯಾಂಕು ತುಂಬಿ ಹನ್ನೆರಡು ಜನರನ್ನು ಹೊತ್ತು ಏದುಸಿರು ಬಿಟ್ಟ ಗಂಟೆಯೂ ಅಲ್ಲಿ ಒಂದೇ ಲೆಕ್ಕ. ಕೆಲವು ಹಳೆಯ ದೋಣಿಗಳಲ್ಲಂತೂ ಮೀಟರ್‌ನ ತಂತಿ ಕೀಲಿಗೆ ಜೋಡಣೆಯಾಗಿರುತ್ತದೆ. ಕೀಲಿ ತಿರುಗಿಸಿ ಹಾಡು ಕೇಳುತ್ತ ಕೂತರೂ ಗಂಟೆ ಏರುತ್ತದೆ. ಡ್ಯಾಶ್‌ಬೋರ್ಡಿನ ಮೀಟರ್ ಕೆಟ್ಟು ಹೊಸದು ಹಾಕಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಫ್ಯೂಯೆಲ್ ಇಂಜೆಕ್ಷನ್ ಇರುವ ಎಂಜಿನ್‌ಗಳ ಕಂಪ್ಯೂಟರ್ ಇದಕ್ಕಿಂತ ನಂಬಿಕಸ್ಥ. ಡಯಾಕಾಮ್‌ನಂಥ ತಂತ್ರಾಂಶ ಜೋಡಿಸಿದರೆ ಎಂಜಿನ್‌ನ ನಿಜವಾದ ಗಂಟೆ ಸಿಗುತ್ತದೆ, ಅನೇಕ ಎಂಜಿನ್‌ಗಳಲ್ಲಿ ಯಾವ ಆರ್‌ಪಿಎಂನಲ್ಲಿ ಎಷ್ಟು ಹೊತ್ತು ಓಡಿದೆ ಎಂಬ ಹಂಚಿಕೆಯೂ ಕಾಣುತ್ತದೆ. ಸಾವಿರದ ಇನ್ನೂರು ಗಂಟೆಯಲ್ಲಿ ಅರ್ಧಕ್ಕರ್ಧ ನಿಧಾನಗತಿಯದ್ದೆಂದು ಗೊತ್ತಾದರೆ ಆ ದೋಣಿಯ ಚರಿತ್ರೆಯೇ ಬೇರೆಯಾಗುತ್ತದೆ. ಇದನ್ನು ನೋಡದೆ ಬೆಲೆ ಹೇಳುವವರು ಬರೀ ಊಹೆ ಮಾಡುತ್ತಿದ್ದಾರೆ.

ಕಡಿಮೆ ಗಂಟೆ ಎಂದರೆ ಒಳ್ಳೆಯ ದೋಣಿ ಎಂಬ ನಂಬಿಕೆ ಇನ್ನೂ ಅಪಾಯದ್ದು. ವರ್ಷವಿಡೀ ನಿಲ್ಲಿಸಿದ ಪಂಪ್‌ಸೆಟ್ ಬೇಸಿಗೆಯಲ್ಲಿ ಕೈಕೊಡುವುದು ನಮ್ಮ ರೈತರಿಗೆಲ್ಲ ಗೊತ್ತು, ಇಲ್ಲಿನ ಕಥೆಯೂ ಅದೇ. ನೀರೆಳೆಯುವ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ ಬಳಸದೆ ಬಿಟ್ಟರೆ ಗಡುಸಾಗಿ ಮುರಿಯುತ್ತದೆ, ಅದರ ಚೂರುಗಳು ತಂಪು ನೀರಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಪೆಟ್ರೋಲ್ ಹಳಸುತ್ತದೆ, ಸೀಲುಗಳು ಒಣಗುತ್ತವೆ, ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಯುತ್ತದೆ. ಹದಿನೈದು ವರ್ಷದಲ್ಲಿ ಇನ್ನೂರೇ ಗಂಟೆ ಓಡಿದ ದೋಣಿಯನ್ನು ಕಂಡರೆ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚು.

ಗಂಟೆ ಹೆಚ್ಚಾದ ಮಾತ್ರಕ್ಕೆ ದೋಣಿ ಕೆಟ್ಟದ್ದಲ್ಲ ಎಂಬುದಕ್ಕೆ ಉದ್ಯಮದೊಳಗೇ ಸಾಕ್ಷಿಯಿದೆ. ದೊಡ್ಡ ತಯಾರಕರು ತರಬೇತುದಾರರಿಗೂ ಸ್ಪರ್ಧಿಗಳಿಗೂ ಪ್ರೋಮೋ ದೋಣಿಗಳನ್ನು ರಿಯಾಯಿತಿಯಲ್ಲಿ ಕೊಡುತ್ತಾರೆ. ಒಂದೇ ಹಂಗಾಮಿನಲ್ಲಿ ಅವು ನೂರಾರು ಗಂಟೆ ಓಡುತ್ತವೆ, ಮರುವರ್ಷ ಮಾರಾಟಕ್ಕೆ ಬರುತ್ತವೆ. ಅನುಭವಿಗಳು ಇವನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಸಾಮಾನ್ಯವಾಗಿ ಎಣ್ಣೆ ಸಮಯಕ್ಕೆ ಸರಿಯಾಗಿ ಬದಲಾಗಿರುತ್ತದೆ, ಡೀಲರ್ ಬಳಿ ಸರ್ವಿಸ್ ಆದ ದಾಖಲೆ ಇರುತ್ತದೆ, ಚಾಲಕರು ನುರಿತವರಾಗಿರುತ್ತಾರೆ. ಅಷ್ಟೇ ಗಂಟೆ ಓಡಿದ ಬಾಡಿಗೆಯ ದೋಣಿ ಪಕ್ಕದಲ್ಲಿ ನಿಂತಿರಲಿ. ದಿನಕ್ಕೊಬ್ಬ ಹೊಸ ಚಾಲಕ, ಆಳವಿಲ್ಲದ ನೀರಿನಲ್ಲಿ ಕಲ್ಲಿಗೆ ತಾಗಿದ ಪ್ರೊಪೆಲ್ಲರ್, ಎಂಜಿನ್ ತಣ್ಣಗಿರುವಾಗಲೇ ಪೂರ್ತಿ ತೆರೆದ ಥ್ರಾಟಲ್. ಮೀಟರ್‌ನಲ್ಲಿ ಎರಡೂ ಒಂದೇ. ಬೆಲೆಯಲ್ಲಿ ಒಂದೇ ಆಗಬಾರದು.

ಇನ್ನೊಂದು ರೂಢಿ, ಬೆಲೆ ಪುಸ್ತಕವನ್ನು ತೆರೆಯುವುದು. ವಾಹನ ಡೀಲರ್‌ಗಳ ಸಂಘದ ಹೆಸರಿನಲ್ಲಿ ಬೆಳೆದ ನಾಡಾ ಕೈಪಿಡಿ 2015ರಲ್ಲಿ ಜೆ.ಡಿ. ಪವರ್ ಕಂಪನಿಯ ಕೈಗೆ ಬಂತು. ಪ್ರತಿ ಮಾದರಿಗೂ ಒಂದು ಕೆಳಗಿನ ಬೆಲೆ, ಒಂದು ಸರಾಸರಿ ಬೆಲೆ ಅದರಲ್ಲಿ ಸಿಗುತ್ತದೆ. ಬ್ಯಾಂಕಿಗೂ ವಿಮೆಗೂ ಅದು ಬೇಕು. ಆದರೆ ತೀರ ದುಡಿದ ದೋಣಿಯ ವಿಷಯದಲ್ಲಿ ಅದರ ಉಪಯೋಗ ಅಲ್ಪ. ಕಾರುಗಳಂತೆ ಲಕ್ಷಗಟ್ಟಲೆ ಮಾರಾಟಗಳು ಇಲ್ಲಿಲ್ಲ, ಹಳೆಯ ಮಾದರಿಗಳ ವ್ಯವಹಾರ ಬಹುಪಾಲು ಮನೆಯಂಗಳದಲ್ಲೇ ಮುಗಿಯುತ್ತದೆ. ಜಾಹೀರಾತುಗಳನ್ನು ಹೋಲಿಸುವುದು ಇದಕ್ಕಿಂತ ಮೇಲು, ಒಂದೇ ಎಚ್ಚರಿಕೆ ಸಾಕು: ಅಲ್ಲಿ ಕಾಣುವುದು ಕೇಳಿದ ಬೆಲೆ, ಕೈಬದಲಾದ ಬೆಲೆ ಅಲ್ಲ. ಮೂರು ತಿಂಗಳಿಂದ ಕದಲದೆ ನಿಂತ ಜಾಹೀರಾತು ಆ ಬೆಲೆ ಸಲ್ಲದೆಂದೇ ಹೇಳುತ್ತಿರುತ್ತದೆ.

ಹಾಗಾದರೆ ನೋಡಬೇಕಾದದ್ದೇನು? ಮೊದಲು ಎಂಜಿನ್. 2000ದ ದಶಕದ ಬಹುಪಾಲು ದೋಣಿಗಳಲ್ಲಿ ಇರುವುದು ಜನರಲ್ ಮೋಟರ್ಸ್‌ನ 5.7 ಲೀಟರ್ ವಿ8, ಇಂಡ್‌ಮಾರ್ ಅಥವಾ ಪಿಸಿಎಂ ಕಂಪನಿ ನೀರಿನ ಕೆಲಸಕ್ಕೆ ಹೊಂದಿಸಿದ್ದು. ಟ್ರಕ್‌ಗಳಲ್ಲಿ ದಶಕಗಟ್ಟಲೆ ದುಡಿದ ಗಟ್ಟಿ ಎಂಜಿನ್ ಅದು, ಸಾವಿರ ಗಂಟೆಗೆ ಸೋಲುವಂಥದ್ದಲ್ಲ. ಅದರ ನಿಜವಾದ ಶತ್ರು ಚಳಿಗಾಲ. ಅನೇಕ ದೋಣಿಗಳಲ್ಲಿ ಸರೋವರದ ನೀರೇ ಎಂಜಿನ್ ಬ್ಲಾಕಿನೊಳಗೆ ಹರಿದು ಅದನ್ನು ತಂಪು ಮಾಡುತ್ತದೆ. ಹಂಗಾಮು ಮುಗಿದಾಗ ಆ ನೀರನ್ನು ಪೂರ್ತಿ ಬಸಿಯದಿದ್ದರೆ ಮೊದಲ ಹಿಮರಾತ್ರಿಯಲ್ಲೇ ಅದು ಹೆಪ್ಪುಗಟ್ಟಿ ಹಿಗ್ಗುತ್ತದೆ, ಎರಕದ ಕಬ್ಬಿಣ ಸೀಳುತ್ತದೆ. ಹೀಗೆ ಸೀಳಿದ ಬ್ಲಾಕಿಗೆ ಎಪಾಕ್ಸಿ ಬಳಿದು, ಮೇಲೆ ಹೊಸ ಬಣ್ಣ ಹೊಡೆದು ಮಾರುವವರಿದ್ದಾರೆ. ಉಳಿದ ಎಂಜಿನ್ ಹಳತಾಗಿದ್ದು ಬ್ಲಾಕಿನ ಒಂದು ಪಕ್ಕ ಮಾತ್ರ ಮಿರಮಿರ ಮಿನುಗುತ್ತಿದ್ದರೆ ಅಲ್ಲೇ ನಿಲ್ಲಿ. ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಗೆ ನೀರು ಸೇರಿದೆ ಎಂದೇ ಅರ್ಥ. ನೂರೇ ಗಂಟೆ ಓಡಿದ ಎಂಜಿನ್‌ಗೂ ಈ ಗತಿ ಬರಬಹುದು, ಮೀಟರ್ ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಂಪ್ರೆಷನ್ ಪರೀಕ್ಷೆ ತಪ್ಪಿಸಲೇಬಾರದು. ಎಂಟು ಸಿಲಿಂಡರುಗಳ ಒತ್ತಡ ಎಷ್ಟಿದೆ ಎಂಬುದಕ್ಕಿಂತ ಒಂದಕ್ಕೊಂದು ಎಷ್ಟು ಹತ್ತಿರವಿದೆ ಎಂಬುದು ಮುಖ್ಯ. ಶೇ. 10ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ದೋಣಿ ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿಡಿ, ಬಿಸಿ ಎಂಜಿನ್ ಅನೇಕ ರೋಗಗಳನ್ನು ಮುಚ್ಚಿಡುತ್ತದೆ. ಆಮೇಲೆ ನೀರಿಗಿಳಿಸಿ. ಬಲಾಸ್ಟ್ ತುಂಬಿ ಎಳೆತ ಹೇಗಿದೆ, ಖಾಲಿ ಮಾಡಿ ಪೂರ್ತಿ ವೇಗದಲ್ಲಿ ಓಡಿಸಿದಾಗ ತಾಪ ಏರುತ್ತದೆಯೇ, ಹಿಂತಿರುಗಿ ನಿಧಾನಗತಿಗೆ ಬಂದಾಗ ಎಣ್ಣೆಯ ಒತ್ತಡ ಕುಸಿಯುತ್ತದೆಯೇ ಎಂದು ಗಮನಿಸಿ. ನೆಲ ಅದುರುತ್ತಿದ್ದರೆ ಪ್ರೊಪೆಲ್ಲರ್ ಇಲ್ಲವೇ ಶಾಫ್ಟ್ ಬಾಗಿರಬಹುದು. ದಡದಲ್ಲಿ ನಳದ ಪೈಪ್ ಜೋಡಿಸಿ ಎರಡು ನಿಮಿಷ ಗುಡುಗಿಸಿ ತೋರಿಸುವುದನ್ನು ಪರೀಕ್ಷೆ ಎಂದು ಒಪ್ಪಿಕೊಂಡವರ ಬಗ್ಗೆ ನನಗೆ ಮರುಕವಿದೆ.

ಎಂಜಿನ್ ಬದಲಿಸಬಹುದು, ದೋಣಿಯ ಒಡಲಾದ ಹಲ್ ಬದಲಿಸಲಾಗದು. ಹಾಗಾಗಿ ದೋಣಿಯ ಬೆನ್ನೆಲುಬಾದ ಸ್ಟ್ರಿಂಗರ್‌ಗಳಿಗೆ ನಾನು ಎಂಜಿನ್‌ಗಿಂತ ಹೆಚ್ಚು ತೂಕ ಕೊಡುತ್ತೇನೆ. 1990ರ ದಶಕದ ಆರಂಭಕ್ಕಿಂತ ಹಿಂದಿನ ಅನೇಕ ವಾಟರ್ ಸ್ಕೀ ದೋಣಿಗಳಲ್ಲಿ ಇವು ಫೈಬರ್‌ಗ್ಲಾಸ್ ಹೊದಿಸಿದ ಮರದವು. ಬೋಲ್ಟಿನ ತೂತುಗಳಿಂದ ನೀರು ಇಳಿದು ಮರ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಎಂಜಿನ್ ಕೂತ ಬೋಲ್ಟುಗಳನ್ನು ಸ್ಪ್ಯಾನರ್‌ನಿಂದ ಬಿಗಿಸಿ ನೋಡುವುದು ಹಳಬರ ಕ್ರಮ. ಬಿಗಿಯಾಗದೆ ಸುಮ್ಮನೆ ತಿರುಗಿದರೆ ಹಿಡಿಯಲು ಮರವೇ ಉಳಿದಿಲ್ಲ. ಈಚಿನ ದೋಣಿಗಳಲ್ಲಿ ಮರವಿಲ್ಲ, ಅಲ್ಲಿ ಭಾರದ ಗುರುತು ಬೇರೆ ಕಡೆ ಮೂಡುತ್ತದೆ. ತಯಾರಕರು ಹೇಳಿದ ಮಿತಿ ಮೀರಿ ನೀರಿನ ಚೀಲಗಳನ್ನು ಹೇರಿದ್ದರೆ ಟವರ್‌ನ ಬುಡದಲ್ಲಿ, ಮೂಲೆಗಳಲ್ಲಿ ಜೆಲ್‌ಕೋಟ್ ಎಂಬ ಮೇಲ್ಪದರ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಎಲ್ಲ ಬಿರುಕೂ ಅಪಾಯದ್ದಲ್ಲ, ಮೇಲ್ಪದರದ ಗೀರಿಗೂ ಒಳಗಿನ ಸೀಳಿಗೂ ಇರುವ ವ್ಯತ್ಯಾಸವನ್ನು ಒಳ್ಳೆಯ ಮರೈನ್ ಸರ್ವೇಯರ್ ಹೇಳಬಲ್ಲರು. ಅವರ ಶುಲ್ಕ ಉಳಿಸಲು ಹೋಗಬಾರದು.

ದೋಣಿ ಎಲ್ಲಿ ಬಾಳಿತು ಎಂಬುದೂ ಬೆಲೆಯ ಭಾಗ. ಮಿನೆಸೋಟಾದ ದೋಣಿಗೆ ಹಂಗಾಮು ಗಿಡ್ಡ, ಗಂಟೆ ಕಡಿಮೆ, ಹಿಮದ ಭಯ ಹೆಚ್ಚು. ಒರ್ಲ್ಯಾಂಡೊ ಸುತ್ತಿನ ದೋಣಿ ವರ್ಷವಿಡೀ ಓಡಿ ಗಂಟೆ ಏರಿಸಿಕೊಂಡಿರುತ್ತದೆ, ಹಿಮದಲ್ಲಿ ಸೀಳಿರುವ ಸಂಭವ ತೀರ ಕಡಿಮೆ. ಅರಿಜೋನಾದ ಹವಾಸು ಸರೋವರದ ಬಿಸಿಲು ಸೀಟಿನ ಹೊಲಿಗೆಯನ್ನು ರೆಕ್ಸಿನ್‌ಗಿಂತ ಮೊದಲೇ ಸುಟ್ಟುಹಾಕುತ್ತದೆ. ಅಲ್ಲಿ ಇನ್ನೊಂದು ತೊಡಕೂ ಇದೆ: 2007ರಲ್ಲಿ ಕೊಲರಾಡೊ ನದಿಯ ಕೆಳಭಾಗದ ಸರೋವರಗಳಲ್ಲಿ ಕ್ವಾಗಾ ಎಂಬ ಪರಕೀಯ ಚಿಪ್ಪುಜೀವಿ ಪತ್ತೆಯಾಯಿತು. ಬಲಾಸ್ಟ್ ಟ್ಯಾಂಕಿನ ತಳದಲ್ಲಿ ಉಳಿಯುವ ನೀರು ಅದರ ಮರಿಗಳನ್ನು ಬೇರೆ ಸರೋವರಕ್ಕೆ ಸಾಗಿಸಬಲ್ಲದು. ಹಾಗಾಗಿ ಪಶ್ಚಿಮದ ಹಲವು ರಾಜ್ಯಗಳಲ್ಲಿ ಇಂಥ ದೋಣಿಗಳನ್ನು ತಡೆದು ತಪಾಸಣೆ ಮಾಡುತ್ತಾರೆ, ಬಿಸಿನೀರಿನಲ್ಲಿ ತೊಳೆಸುತ್ತಾರೆ. ಹವಾಸುವಿನಿಂದ ಇಡಾಹೊಗೆ ಕೊಂಡೊಯ್ಯುವವರು ಆ ತಾಪತ್ರಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೆಲೆ ಇಳಿಸುವಲ್ಲಿ ಸವಕಳಿಗಿಂತ ದೊಡ್ಡ ಕೈ ಕಾಲದ್ದು. 2012ರಲ್ಲಿ ಮಾಲಿಬು ಸರ್ಫ್ ಗೇಟ್ ತಂದಿತು. ಹಿಂಬದಿಯ ಒಂದು ಫಲಕ ತೆರೆದುಕೊಂಡು ಎಡಕ್ಕೋ ಬಲಕ್ಕೋ ಸವಾರಿಗೆ ಒಪ್ಪುವ ಅಲೆಯನ್ನು ರೂಪಿಸುವ ವ್ಯವಸ್ಥೆ ಅದು. ಉಳಿದವರೂ ತಮ್ಮದೇ ದಾರಿ ಕಂಡುಕೊಂಡರು. ಹಗ್ಗ ಬಿಟ್ಟು, ಗಂಟೆಗೆ 16ರಿಂದ 19 ಕಿಲೋಮೀಟರ್ ನಿಧಾನದಲ್ಲಿ ಅಲೆಯ ಮೇಲೇ ತೇಲುವ ವೇಕ್‌ಸರ್ಫಿಂಗ್ ಮನೆಮಂದಿಯ ಆಟವಾಯಿತು. ಅದಕ್ಕೆ ಮುಂಚಿನ ದೋಣಿಗಳು, ಎಷ್ಟೇ ಚೆನ್ನಾಗಿರಲಿ, ಹಳೆಯ ತಲೆಮಾರಿಗೆ ಸೇರಿಹೋದವು. ಹಗ್ಗ ಹಿಡಿದು ಹಾರುವುದೇ ಇಷ್ಟವಿರುವವರಿಗೆ ಇದು ವರವೆಂದೇ ನನ್ನ ಅಭಿಪ್ರಾಯ, ಬೇರೆಯವರ ಒಲವು ಬದಲಾದ ಲಾಭ ಅವರಿಗೆ ದಕ್ಕುತ್ತದೆ. ದೊಡ್ಡ ಅಲೆಯ ಆಟಕ್ಕೀಗ ಕಾನೂನಿನ ಕಡಿವಾಣವೂ ಬೀಳುತ್ತಿದೆ. 2024ರಲ್ಲಿ ವರ್ಮಾಂಟ್ ರಾಜ್ಯ ಅದನ್ನು ದಡದಿಂದ 500 ಅಡಿ ದೂರದ, 20 ಅಡಿ ಆಳದ ನೀರಿಗೆ ಸೀಮಿತಗೊಳಿಸಿತು. ಇಂಥ ನಿಯಮ ಹಬ್ಬಿದ ಕಡೆ ಗಿರಾಕಿಗಳೇ ಕಡಿಮೆಯಾಗಬಹುದು.

ಈಗ ಲೆಕ್ಕ. 2005ರ ಮಾಲಿಬು ವೇಕ್‌ಸೆಟ್ಟರ್ ವಿಎಲ್‌ಎಕ್ಸ್, ಸಾವಿರದ ಇನ್ನೂರು ಗಂಟೆ ಎಂದಿಟ್ಟುಕೊಳ್ಳಿ. ಮುಂದಿನ ಅಂಕಿಗಳೆಲ್ಲ ವಿಧಾನ ತೋರಿಸಲು ನಾನೇ ಹಿಡಿದವು. ಅದೇ ಮಾದರಿಯ ಅಚ್ಚುಕಟ್ಟಾದ ದೋಣಿಗೆ ಜಾಹೀರಾತಿನಲ್ಲಿ 30,000 ಡಾಲರ್ ಕೇಳುತ್ತಿದ್ದರೆ ವ್ಯವಹಾರ 27,000ಕ್ಕೆ ಕುದುರೀತು. ಸೀಟುಗಳ ಹೊಸ ಹೊದಿಕೆಗೆ 4,000, ಟ್ರೇಲರ್‌ನ ಟೈರು ಬ್ರೇಕುಗಳಿಗೆ 1,200, ಶಾಫ್ಟ್ ಮತ್ತು ಚುಕ್ಕಾಣಿಯ ಸೋರಿಕೆ ನಿಲ್ಲಿಸಲು 1,000, ಇಂಪೆಲ್ಲರ್, ಬೆಲ್ಟು, ಎಣ್ಣೆಗಳಿಗೆ 800. ಎಲ್ಲ ಸೇರಿ 7,000 ಕಳೆದರೆ 20,000 ಉಳಿಯಿತು. ಗಂಟೆಗೆ ಸಲ್ಲಬೇಕಾದ ಕಡಿತ ಬರುವುದು ಇಲ್ಲಿ, ಎಲ್ಲದರ ಕೊನೆಗೆ. ಎಂಜಿನ್ ಬದಲಿಸುವ ಖರ್ಚು 10,000, ಕೆಲವೇ ವರ್ಷಗಳಲ್ಲಿ ಅದು ಬೇಕಾಗುವ ಸಂಭವ ಐದರಲ್ಲಿ ಒಂದು ಎಂದಾದರೆ ಆ ಅಪಾಯದ ಬೆಲೆ 2,000. ಹಾಗಾಗಿ 18,000. ಗಂಟೆ ಮೀಟರ್ ಒಂದನ್ನೇ ನೋಡಿ ಮೂರನೇ ಒಂದು ಭಾಗ ಕತ್ತರಿಸಿದವರು ಕೂಡ ಇದೇ ಅಂಕಿಯ ಹತ್ತಿರ ಬಂದು ನಿಲ್ಲಬಹುದು. ಆದರೆ ಅವರ ಲೆಕ್ಕದಲ್ಲಿ ಹರಿದ ಸೀಟೂ ಸೋರುವ ಚುಕ್ಕಾಣಿಯೂ ಎಲ್ಲಿಯೂ ಇಲ್ಲ. ಅವೆಲ್ಲ ಸರಿಯಿರುವ ಸಾವಿರದ ಇನ್ನೂರು ಗಂಟೆಯ ದೋಣಿಗೂ ಅವರು ಅಷ್ಟನ್ನೇ ಕೇಳುತ್ತಾರೆ, ಅದರ ಯೋಗ್ಯ ಬೆಲೆ 25,000 ಇದ್ದರೂ.

ಆ 2,000 ಡಾಲರ್ ಕರಗಿಸುವುದು ಮಾರುವವರ ಕೈಯಲ್ಲೇ ಇದೆ. ಪ್ರತಿ ಹಂಗಾಮಿನ ಎಣ್ಣೆ ಬದಲಾವಣೆಯ ರಸೀದಿಗಳು, ಚಳಿಗಾಲಕ್ಕೆ ನೀರು ಬಸಿದ ದಾಖಲೆ, ಎಂಜಿನ್ ಕಂಪ್ಯೂಟರಿನ ವರದಿ, ಹೊಸದಾಗಿ ಮಾಡಿಸಿದ ಕಂಪ್ರೆಷನ್ ಪರೀಕ್ಷೆಯ ಎಂಟು ಅಂಕಿಗಳನ್ನು ಒಂದು ಫೈಲಿನಲ್ಲಿಟ್ಟು ಕೊಟ್ಟರೆ ಐದರಲ್ಲಿ ಒಂದೆಂಬ ಸಂಭವ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ, ಬೆಲೆ ಸಾವಿರ ಡಾಲರ್ ಏರುತ್ತದೆ. ಪರೀಕ್ಷೆಗೆ ತಗಲುವುದು ಅದರ ಒಂದು ಪಾಲು ಮಾತ್ರ. ಆ ಫೈಲ್ ಇಲ್ಲದೆ, ಎಂಜಿನ್ ಅದ್ಭುತವಾಗಿದೆ ಎಂದು ಬಾಯಿಮಾತಿನಲ್ಲಿ ಹೇಳುತ್ತ 22,000ಕ್ಕೆ ಪಟ್ಟು ಹಿಡಿದವರಿಗೆ 18,000ದ ಮೇಲೆ ಒಂದು ಡಾಲರನ್ನೂ ಕೊಡಬೇಕಾಗಿಲ್ಲ.