ಪ್ರೇಮಲೋಕದಿಂದ ಗದುಗಿಗೆ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಂಥ ಊರಿನಲ್ಲಿ ಗಣೇಶನ ಹಬ್ಬಕ್ಕೆ ಮೈಕ್ ಕಟ್ಟಿದರೆ ‘ಪ್ರೇಮಲೋಕ’ದ ಹಾಡು ಇವತ್ತಿಗೂ ಹೊಂದುತ್ತದೆ. 1987ರ ಆ ಚಿತ್ರದಲ್ಲಿ ಹಂಸಲೇಖ ಸಾಹಿತ್ಯ, ಸಂಗೀತ ಎರಡನ್ನೂ ಮಾಡಿದರು. ಕಾಲೇಜು ಹುಡುಗರ ಮಾತು, ಕೀಟಲೆ, ಸವಾಲು-ಜವಾಬು ಎಲ್ಲ ತಾಳಕ್ಕೆ ಕುಳಿತವು. ‘ಇದಕ್ಕೆ ರಾಗಜ್ಞಾನ ಯಾಕೆ ಬೇಕು’ ಎಂದು ಮೂಗು ಮುರಿದವರು ಇಲ್ಲದಿಲ್ಲ.

ಅದೇ ಹಂಸಲೇಖ 1995ರಲ್ಲಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ತಂದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ, ತಾವೂ ಅಂಧರಾಗಿದ್ದ ಗವಾಯಿಗಳ ಕಥೆ ಅದು. ಅಲ್ಲಿ ಸಿಂಥಸೈಜರ್ ಕೈ ಹಿಡಿಯುವುದಿಲ್ಲ. ಆಲಾಪ ಎಲ್ಲಿ ನಿಧಾನವಾಗಬೇಕು, ತಾನ್ ಎಲ್ಲಿ ಬಿಚ್ಚಬೇಕು, ಎಷ್ಟು ಸುತ್ತಾಡಿದರೂ ತಾಳದ ಮೊದಲ ಪೆಟ್ಟಾದ ಸಮ್‌ಗೆ ಹೇಗೆ ಬಂದು ನಿಲ್ಲಬೇಕು ಎಂಬುದು ಗೊತ್ತಿರಲೇಬೇಕು. ಸಿನಿಮಾದಲ್ಲಿ ಅದನ್ನೆಲ್ಲ ನಾಲ್ಕೈದು ನಿಮಿಷಕ್ಕೆ ಇಳಿಸಬೇಕಾದ ಕಷ್ಟ ಬೇರೆ. ಶಾಸ್ತ್ರ ಗೊತ್ತಿದ್ದವನಿಗೇ ಏನನ್ನು ಬಿಡಬಹುದೆಂಬ ಧೈರ್ಯ ಬರುವುದು. ‘ಪ್ರೇಮಲೋಕ’ದ ಲಯದ ಹಿಡಿತ ನೆನೆದರೆ, ಆ ಧೈರ್ಯ ಅಲ್ಲೂ ಇತ್ತು ಅನ್ನಿಸುತ್ತದೆ.

ಆದರೆ ನನ್ನ ವಾದಕ್ಕೇ ಒಂದು ತೊಡಕು: ಈ ಚಿತ್ರಕ್ಕೆ ಹಾಡಿ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಪಡೆದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಗುರುಮುಖೇನ ಶಾಸ್ತ್ರೀಯ ಸಂಗೀತ ಕಲಿತವರಲ್ಲ! ಕೇಳಿ ಕೇಳಿಯೇ ಹಿಡಿದರು. ಅಂಥ ಕಿವಿ ಇದ್ದರೆ ಸರಿ. ಇಲ್ಲದವರು ತಂಬೂರಿ ಮುಂದೆ ಕೂರುವುದೇ ವಾಸಿ.