ನೀಲಿ ಚಂದ್ರ ಮತ್ತು ಬರಗಾಲದ ಅಧಿಕ ಮಾಸ

2023ರ ಆಗಸ್ಟ್ ಕೊನೆಯಲ್ಲಿ ನಮ್ಮ ಪತ್ರಿಕೆಗಳೂ ಟಿವಿ ಚಾನೆಲ್‌ಗಳೂ ‘ನೀಲಿ ಚಂದ್ರ’ನನ್ನು ಕೊಂಡಾಡಿದವು. ಆ ತಿಂಗಳ ಆರಂಭದಲ್ಲಿ ಒಂದು ಹುಣ್ಣಿಮೆ, ಕೊನೆಯಲ್ಲಿ ಇನ್ನೊಂದು. ಒಂದೇ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆಗೆ ‘ಬ್ಲೂ ಮೂನ್’ ಎಂದು ಹೆಸರು. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂಬ ಇಂಗ್ಲಿಷ್ ನುಡಿಗಟ್ಟು ಹುಟ್ಟಿದ್ದು ಅದರಿಂದಲೇ. ಅಪರೂಪಕ್ಕೊಮ್ಮೆ ಎಂಬುದು ಅದರ ಅರ್ಥ ಎನ್ನುವ ವಿವರಣೆ ಈಗ ಎಲ್ಲರ ಬಾಯಲ್ಲೂ ಇದೆ. ಅಂಗಳಕ್ಕೆ ಬಂದು ಕತ್ತೆತ್ತಿ ನೋಡಿದವರಿಗೆ ಕಂಡದ್ದು ಮಾತ್ರ ಎಂದಿನ ಚಂದ್ರನೇ.

ವಾಸ್ತವದಲ್ಲಿ ಈ ವಿವರಣೆ ತಲೆಕೆಳಗಾಗಿದೆ. ನುಡಿಗಟ್ಟು ಹಳೆಯದು, ಎರಡು ಹುಣ್ಣಿಮೆಯ ಲೆಕ್ಕ ತೀರಾ ಹೊಸದು. 1528ರಲ್ಲಿ ಅಚ್ಚಾದ, ಪಾದ್ರಿಗಳನ್ನು ಗೇಲಿ ಮಾಡುವ ಒಂದು ಇಂಗ್ಲಿಷ್ ಕೃತಿಯಲ್ಲೇ ನೀಲಿ ಚಂದ್ರನ ಪ್ರಸ್ತಾಪವಿದೆ. ಅಲ್ಲಿ ಅದರ ಅರ್ಥ ‘ಅಪರೂಪ’ ಎಂದಲ್ಲ, ‘ಶುದ್ಧ ಸುಳ್ಳು’ ಎಂದು. ದೊಡ್ಡವರು ಹೇಳಿದರೆ ಎಂತಹ ಸುಳ್ಳನ್ನೂ ನಂಬಬೇಕಾದ ಜನರ ಅಸಹಾಯಕತೆಯನ್ನು ಹೇಳಲು ಆ ಮಾತು ಬಂದಿದೆ. ಎಂದೂ ಆಗದ್ದು ಎಂಬ ಅರ್ಥ ಕ್ರಮೇಣ ಸಡಿಲಗೊಂಡು, 19ನೇ ಶತಮಾನದ ಹೊತ್ತಿಗೆ ‘ಎಂದೋ ಒಮ್ಮೆ ಆಗುವುದು’ ಎಂದಾಯಿತು. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಆಕಾಶಕ್ಕೇರಿದ ಬೂದಿಯ ಕಣಗಳಿಂದಾಗಿ ಚಂದ್ರ ನಿಜವಾಗಿಯೂ ನೀಲಿಯಾಗಿ ಕಂಡದ್ದುಂಟು.

ಎರಡು ಹುಣ್ಣಿಮೆಯ ಕಥೆ ಬೇರೆ. ಅಮೆರಿಕದ ಮೇನ್ ಪ್ರಾಂತದ ರೈತರ ಪಂಚಾಂಗವೊಂದು, ಮೂರು ಹುಣ್ಣಿಮೆ ಇರಬೇಕಾದ ಋತುವಿನಲ್ಲಿ ನಾಲ್ಕು ಬಂದರೆ ಮೂರನೆಯದನ್ನು ನೀಲಿ ಚಂದ್ರ ಎಂದು ಕರೆಯುತ್ತಿತ್ತು. 1946ರಲ್ಲಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಜೇಮ್ಸ್ ಹ್ಯೂ ಪ್ರೂಯೆಟ್ ಎಂಬವರು ಇದನ್ನು ತಪ್ಪಾಗಿ ಓದಿಕೊಂಡು, ‘ತಿಂಗಳ ಎರಡನೆಯ ಹುಣ್ಣಿಮೆ’ ಎಂದು ಬರೆದರು. ಅದೇ ಪತ್ರಿಕೆ 1999ರಲ್ಲಿ ತಪ್ಪನ್ನು ಒಪ್ಪಿಕೊಂಡಿತು. ಆ ವೇಳೆಗೆ ತಪ್ಪು ಲೋಕವನ್ನೇ ಸುತ್ತಿ ಬಂದಿತ್ತು. ನಾವು ಕನ್ನಡಕ್ಕೆ ತಂದುಕೊಂಡದ್ದು ಆ ತಪ್ಪನ್ನೇ.

ಇಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಎರವಲು ಮಾತಿನ ಭರಾಟೆಯಲ್ಲಿ ನಮ್ಮದೇ ಮಾತೊಂದನ್ನು ನಾವು ಮರೆತೆವು ಎಂಬುದೇ ನನ್ನ ತಕರಾರು.

ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷ 365 ದಿನ. ವರ್ಷಕ್ಕೆ ಹನ್ನೊಂದು ದಿನಗಳ ಈ ವ್ಯತ್ಯಾಸ ಕೂಡುತ್ತಾ ಹೋಗಿ, ಹತ್ತಿರ ಹತ್ತಿರ 33 ತಿಂಗಳಿಗೊಮ್ಮೆ ಒಂದು ಹುಣ್ಣಿಮೆ ಹೆಚ್ಚಾಗುತ್ತದೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದಕ್ಕೆ ಜಾಗವಿಲ್ಲದೆ ಅದು ಯಾವುದೋ ಒಂದು ತಿಂಗಳಿನೊಳಗೆ ನುಸುಳುತ್ತದೆ. ನಮ್ಮ ಚಾಂದ್ರಮಾನ ಪಂಚಾಂಗದಲ್ಲಿ ಒಂದು ಮಾಸಕ್ಕೆ ಒಂದೇ ಹುಣ್ಣಿಮೆ. ಆದುದರಿಂದ ಇಲ್ಲಿ ಹೆಚ್ಚುವರಿ ಚಂದ್ರನಿಗೆ ಇಡೀ ಒಂದು ತಿಂಗಳನ್ನೇ ಕೊಡುತ್ತಾರೆ. ಅದೇ ಅಧಿಕ ಮಾಸ. 2023ರ ಆಗಸ್ಟ್‌ನ ಮೊದಲ ಹುಣ್ಣಿಮೆ ಅಧಿಕ ಶ್ರಾವಣದ್ದು, ಎರಡನೆಯದು ನಿಜ ಶ್ರಾವಣದ ನೂಲು ಹುಣ್ಣಿಮೆ. ಎರಡೂ ಹೀಗೆ ಸದಾ ಜೊತೆಯಾಗಿ ಬರುವುದಿಲ್ಲ. ಆದರೆ ಎರಡರ ಹಿಂದಿನ ಲೆಕ್ಕ ಒಂದೇ.

ಈ ಹೆಚ್ಚುವರಿ ಚಂದ್ರನ ಕುರಿತು ಕನ್ನಡದಲ್ಲಿ ಗಾದೆಯೊಂದಿದೆ: ‘ದುರ್ಭಿಕ್ಷದಲ್ಲಿ ಅಧಿಕ ಮಾಸ’. ಇಂಗ್ಲಿಷಿನವನಿಗೆ ಅಪರೂಪವಾಗಿ ತೋರಿದ್ದು ನಮ್ಮವರಿಗೆ ಹಸಿವಾಗಿ ತೋರಿತು. ಹನ್ನೆರಡು ತಿಂಗಳಿಗೆಂದು ಕಾಳು ಅಳೆದಿಟ್ಟುಕೊಂಡ ಬಡವರ ಮನೆಗೆ ಹದಿಮೂರನೆಯ ತಿಂಗಳು ಎದುರಾದರೆ ಏನು ಗತಿ? ಕಣಜ ತುಂಬಿದವನು ಆಕಾಶ ನೋಡಿ ಬೆರಗಾಗಬಹುದು. ಬರಿದಾದವನು ಮಡಕೆಯ ತಳ ನೋಡುತ್ತಾನೆ.

ಈ ಗಾದೆಯ ಅರ್ಥವನ್ನು ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಜನರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ನಂಬಿ ಬದುಕುವ ನಾಡು ಅದು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಜನರು ಬೇಡಿಕೆ ಹೊತ್ತು ಹೋಗುವುದು ಒಂದು ಕೊಳದ ಬಳಿಗೆ. ಗಂಗೆಯನ್ನು ಬೇಡಿಕೊಂಡರೆ ನೀರಿನಿಂದ ಫಲ ತೇಲಿ ಬರುತ್ತದೆಂಬುದು ಭಕ್ತರ ನಂಬಿಕೆ. ನಂಬಿಕೆಯ ಚರ್ಚೆ ಇಲ್ಲಿ ಬೇಡ. ನೀರೇ ವರವಾಗಿರುವ ಸೀಮೆ ಅದು ಎಂಬುದಷ್ಟೇ ನಮಗೆ ಮುಖ್ಯ.

ಅಲ್ಲಿ ‘ಅಪರೂಪ’ವನ್ನು ಅಳೆಯುವುದು ಕೂಡ ನೀರಿನಿಂದಲೇ. ಹಿರಿಯೂರು ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಪೂರ್ಣಗೊಂಡದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ. ನೀಲಿ ಚಂದ್ರನನ್ನು ಮೀರಿಸುವ ಅಪರೂಪವಿದು! ಆದರೆ ಕೆಳಗಿನವರು ಸಂಭ್ರಮಿಸುತ್ತಿದ್ದಾಗ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ತೋಟಗಳಿಗೆ ನೀರು ನುಗ್ಗಿತ್ತು. ಒಂದೇ ಘಟನೆ ಇಬ್ಬರಿಗೆ ಎರಡು ಅರ್ಥ ಕೊಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೋಡಿ ಬಿದ್ದ ಮರುವರ್ಷವೇ ಬರ ಬಂತು. ನೀಲಿ ಚಂದ್ರನನ್ನು ನಾವು ಕೊಂಡಾಡಿದ 2023ರ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಆಗಿತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ದುರ್ಭಿಕ್ಷವೂ ಇತ್ತು, ಅಧಿಕ ಮಾಸವೂ ಇತ್ತು. ಗಾದೆ ಅಕ್ಷರಶಃ ಕಣ್ಣೆದುರು ನಡೆಯುತ್ತಿತ್ತು. ನಮ್ಮ ಸುದ್ದಿಮನೆಗಳಿಗೆ ಮಾತ್ರ ನೆನಪಾದದ್ದು ಇಂಗ್ಲಿಷ್ ನುಡಿಗಟ್ಟು.

ಮುಸ್ಲಿಮರ ಮನೆಮಾತಿನಲ್ಲೂ ಅಪರೂಪಕ್ಕೆ ಒಬ್ಬ ಚಂದ್ರನಿದ್ದಾನೆ. ಬಹುಕಾಲ ಮುಖ ತೋರಿಸದ ಗೆಳೆಯ ಎದುರಾದರೆ ‘ಈದ್ ಕಾ ಚಾಂದ್ ಆಗಿಬಿಟ್ಟೆಯಲ್ಲ’ ಎನ್ನುತ್ತೇವೆ. ಈದ್‌ನ ಚಂದ್ರ ಬಾರದೆ ಇರುವವನಲ್ಲ, ಪ್ರತಿ ವರ್ಷ ಬರುವವನೇ. ಅವನನ್ನು ಅಪರೂಪ ಮಾಡಿದ್ದು ಉಪವಾಸ ಮತ್ತು ಕಾಯುವಿಕೆ. ಹಿಜರಿ ಪಂಚಾಂಗದಲ್ಲಿ ಅಧಿಕ ಮಾಸವಿಲ್ಲ. ಆದುದರಿಂದಲೇ ರಂಜಾನ್ ಸುಮಾರು 33 ವರ್ಷಗಳಲ್ಲಿ ಬೇಸಿಗೆ, ಮಳೆ, ಚಳಿ ಎಲ್ಲವನ್ನೂ ಸುತ್ತಿ ಬರುತ್ತದೆ. ಅಲ್ಲಿಯೂ ಚಂದ್ರನ ಲೆಕ್ಕ ಹಸಿವಿನ ಲೆಕ್ಕದೊಂದಿಗೇ ಹೆಣೆದುಕೊಂಡಿದೆ. ಇನ್ನು ‘ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಬರುವ ಬಸ್ಸು’ ಎಂದು ಹಳ್ಳಿಯವರು ಹೇಳುವಾಗ ಅದರಲ್ಲಿ ಬೆರಗಿಲ್ಲ, ದೂರು ಇದೆ.

ಬೇರೆ ಭಾಷೆಯ ನುಡಿಗಟ್ಟು ಕನ್ನಡಕ್ಕೆ ಬರಬಾರದೆಂದು ನಾನು ಹೇಳುತ್ತಿಲ್ಲ. ಅರಬ್ಬಿ, ಪಾರಸಿ, ಇಂಗ್ಲಿಷಿನಿಂದ ಬಂದ ಮಾತುಗಳಿಂದ ಕನ್ನಡ ಬೆಳೆದಿದೆ, ಇನ್ನೂ ಬೆಳೆಯಲಿ. ಆದರೆ ಬರುವ ಮಾತು ಯಾರ ಅನುಭವವನ್ನು ಹೊತ್ತು ತರುತ್ತದೆ, ಅದು ಕುಳಿತ ಜಾಗದಿಂದ ಯಾರ ಅನುಭವ ಎದ್ದು ಹೋಗುತ್ತದೆ ಎಂದು ಕೇಳಿಕೊಳ್ಳಬೇಕಲ್ಲವೇ? ಮುಂದಿನ ಸಲ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದಾಗ ನೀಲಿ ಚಂದ್ರನ ಸುದ್ದಿ ಬರೆಯುವವರು ಅದರ ಪಕ್ಕದಲ್ಲಿ ಆ ವರ್ಷದ ಮಳೆಯ ಲೆಕ್ಕವನ್ನೂ ಬರೆಯಲಿ. ಗಾದೆ ಕಟ್ಟಿದ ಹಿರಿಯರು ಎರಡನ್ನೂ ಒಟ್ಟಿಗೇ ನೋಡಿದ್ದರು.